ರೀಲಿನ ಕೊನೆಯ ಫೋಟೋ

ನಮ್ಮ ನಡುಮನೆಯ ಗೋಡೆಯ ಮೇಲಿರುವ ಫೋಟೋದಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಾಳೆ. ಬಂದವರು ಧ್ಯಾನದಲ್ಲಿದ್ದಾರೆಂದು ತಿಳಿದು ಕೈಮುಗಿಯುತ್ತಾರೆ. ನಿಜ ಸಂಗತಿಯೆಂದರೆ, ನಾನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಆಕೆ ರೆಪ್ಪೆ ಮಿಟುಕಿಸಿದ್ದಳು.

1993ರಲ್ಲಿ ತಂಗಿಯ ಮದುವೆ. ಎರವಲು ಕ್ಯಾಮೆರಾ, 36 ಫೋಟೋಗಳ ಒಂದೇ ರೀಲು. ಧಾರೆ, ಸಪ್ತಪದಿ, ಬೀಗರು, ಬೀಗರ ಬೀಗರು ಎಂದು 35 ಮುಗಿದವು. ಉಳಿದ ಒಂದಕ್ಕೆ ಅಮ್ಮನನ್ನು ಕರೆದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. "ಕಣ್ಣು ಮುಚ್ಚಿಬಿಟ್ಟೆ ಕಣೋ, ಇನ್ನೊಂದು ತೆಗಿ" ಎಂದಳು. "ರೀಲು ಮುಗೀತಮ್ಮಾ, ದೀಪಾವಳಿಗೆ ಬರ್ತೀನಲ್ಲ, ಆಗ ತೆಗೆಯೋಣ" ಎಂದೆ. ಬೀದಿಯ ಕೊನೆಯ ಅಂಗಡಿಯಲ್ಲೇ ರೀಲು ಸಿಗುತ್ತಿತ್ತು. ಖರ್ಚಿಗೆ ಹಿಂದೆಮುಂದೆ ನೋಡಿದೆ. ದೀಪಾವಳಿ ಬಂತು, ಅಮ್ಮ ಇರಲಿಲ್ಲ.

ಅಂದಿನಿಂದ, ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆಯೆಂದರೆ ನನಗೆ ಒಂದು ಬಗೆಯ ಹುಚ್ಚು. ದೊಡ್ಡ ದುಡ್ಡಿನ ಸಿನಿಮಾಗಳು ಮಾತ್ರ ಹಿಡಿಸುವುದಿಲ್ಲ. ಯಂತ್ರದ ದೀಪ, ಹೊಗೆ, ಗುಡುಗುಗಳ ನಡುವೆ, ಆ ಮನುಷ್ಯ ಹಿಂದಕ್ಕೆ ಹೊರಟದ್ದಾದರೂ ಯಾಕೆ ಎಂಬುದೇ ಮರೆತುಹೋಗುತ್ತದೆ. ಕಾಸಿಲ್ಲದವರ ಚಿತ್ರಗಳಲ್ಲಿ ಆ ಅಪಾಯವಿಲ್ಲ.

‘ಪ್ರೈಮರ್’ ಎಂಬ ಚಿತ್ರವನ್ನು ಮಗ ತೋರಿಸಿದ. ಅಮೆರಿಕದ ಶೇನ್ ಕರುತ್ ಅದನ್ನು ತೆಗೆದದ್ದು ಸುಮಾರು 7,000 ಡಾಲರಿನಲ್ಲಂತೆ. ಕಥೆ, ನಿರ್ದೇಶನ, ಸಂಕಲನ, ಸಂಗೀತ, ಮುಖ್ಯ ಪಾತ್ರ ಎಲ್ಲ ಅವನದೇ. 2004ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೇ ದೊಡ್ಡ ಬಹುಮಾನ. ಇಬ್ಬರು ಎಂಜಿನಿಯರರು ಗ್ಯಾರೇಜಿನಲ್ಲಿ ಇನ್ನೇನೋ ಮಾಡಹೋಗಿ ಕಾಲಯಂತ್ರ ಮಾಡಿಬಿಡುತ್ತಾರೆ. ಮಾಡಿ, ಮೊದಲು ಷೇರುಪೇಟೆಯಲ್ಲಿ ಲಾಭ ಗಿಟ್ಟಿಸಲು ನೋಡುತ್ತಾರೆ! ಯಂತ್ರವೆಂದರೆ ಒಂದು ಪೆಟ್ಟಿಗೆ, ಅಷ್ಟೆ. ಮಗ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರೂ ಕಥೆ ನನಗೆ ಅರ್ಧವೇ ಅರ್ಥವಾದದ್ದು. ಎರಡು ನಿಯಮಗಳು ಮಾತ್ರ ಚೆನ್ನಾಗಿ ತಲೆಗೆ ಹತ್ತಿದವು. ಆರು ಗಂಟೆ ಹಿಂದೆ ಹೋಗಬೇಕಾದರೆ ಪೆಟ್ಟಿಗೆಯೊಳಗೆ ಆರು ಗಂಟೆ ಬಿದ್ದಿರಬೇಕು. ಪೆಟ್ಟಿಗೆಯನ್ನು ಚಾಲೂ ಮಾಡಿದ ಗಳಿಗೆಗಿಂತ ಹಿಂದಕ್ಕೆ ಹೋಗಲಾಗದು.

ಮೊದಲನೆಯದನ್ನು ಕೇಳಿ, ಮೂವತ್ತು ವರ್ಷವಾದರೂ ಬಿದ್ದಿರುತ್ತೇನೆ ಎಂದುಕೊಂಡೆ. ಎರಡನೆಯದನ್ನು ಕೇಳಿ ಸುಮ್ಮನಾದೆ. ಆ ಮದುವೆಯ ದಿನ ನಮ್ಮ ಮನೆಯಲ್ಲಿ ಚಾಲೂ ಇದ್ದದ್ದು ಕಾಫಿಯ ಒಲೆಯೊಂದೇ.

ಆಮೇಲೆ ಮಗ ಇನ್ನೊಂದನ್ನು ಹಾಕಿದ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆಟೆ’, ಬರೀ 28 ನಿಮಿಷದ್ದು. ಅದು ಸಿನಿಮಾ ಎನ್ನುವುದಕ್ಕಿಂತ ಫೋಟೋಗಳ ಆಲ್ಬಮ್ಮು. ಸ್ಥಿರಚಿತ್ರಗಳು ಒಂದಾದ ಮೇಲೊಂದು ಬರುತ್ತವೆ, ಹಿಂದೆ ಒಂದು ದನಿ ಕಥೆ ಹೇಳುತ್ತದೆ. ಮೂರನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ಹಾಳಾಗಿದೆ. ನೆಲದಡಿಯ ಕೈದಿಯೊಬ್ಬನಿಗೆ ಬಾಲ್ಯದಲ್ಲಿ ವಿಮಾನ ನಿಲ್ದಾಣದಲ್ಲಿ ಕಂಡ ಹೆಂಗಸಿನ ಮುಖವೊಂದು ಮನಸ್ಸಿನಲ್ಲಿ ಅಚ್ಚೊತ್ತಿ ಉಳಿದಿದೆ. ಆ ನೆನಪಿನ ಬಲದಿಂದಲೇ ಅವನನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಕಣ್ಣಿಗೆ ಪಟ್ಟಿ, ಮೈಗೆ ಸೂಜಿಮದ್ದು, ಬೇರೆ ಯಂತ್ರವಿಲ್ಲ. ಹೋದವನಿಗೆ ಅವಳು ಸಿಗುತ್ತಾಳೆ.

ಒಂದು ಕಡೆ ಅವಳು ಮಲಗಿದ್ದಾಳೆ. ಫೋಟೋ, ಮತ್ತೊಂದು ಫೋಟೋ, ಮತ್ತೊಂದು. ಇದ್ದಕ್ಕಿದ್ದಂತೆ ಅವಳು ಕಣ್ಣು ತೆರೆದು ನಮ್ಮತ್ತ ನೋಡುತ್ತಾಳೆ. ಇಡೀ ಚಿತ್ರದಲ್ಲಿ ಅಲುಗಾಡುವುದು ಆ ಕೆಲವು ಕ್ಷಣಗಳು ಮಾತ್ರ.

ಮುಂದಿನ ಕಥೆ ಮರುದಿನ ನೋಡಿದೆ. ಆ ರಾತ್ರಿ ಎದ್ದು ನಡುಮನೆಗೆ ಹೋಗಿ ಫೋಟೋದ ಮುಂದೆ ನಿಂತುಬಿಟ್ಟೆ. ಎಷ್ಟು ಹೊತ್ತಾಯಿತೋ, ಮಗ ಬಂದು ದೀಪ ಹಾಕಿದ.

"ಏನಪ್ಪಾ, ಇಷ್ಟು ಹೊತ್ತಿನಲ್ಲಿ?"

"ಅಜ್ಜಿಗೆ ಒಂದು ಫೋಟೋ ಬಾಕಿ ಇದೆ ಕಣೋ" ಎಂದೆ.

ಅವನು ಏನೂ ಹೇಳಲಿಲ್ಲ. ನನ್ನನ್ನು ಅಮ್ಮನ ಪಕ್ಕಕ್ಕೆ ಸರಿಸಿ ನಿಲ್ಲಿಸಿ, ಮೊಬೈಲು ತೆಗೆದು ಒತ್ತಿದ. ನೋಡಿ ನಕ್ಕ.

"ಕಣ್ಣು ಮುಚ್ಚಿಬಿಟ್ರಿ. ಇನ್ನೊಂದು ತೆಗೀತೀನಿ, ಅಲ್ಲೇ ನಿಂತಿರಿ."

ನಿಂತೆ.