ತುಕ್ಕು ಹಿಡಿಯದ ಲೆಕ್ಕ

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಗಣಕಯಂತ್ರದೊಳಗಿನ ತಂತ್ರಾಂಶಕ್ಕೆ ಇವೆರಡರ ಭಯವೂ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಎರಡಕ್ಕೆರಡು ಕೂಡಿಸಿ ನಾಲ್ಕು ಎಂದದ್ದು ಇಂದೂ ನಾಲ್ಕೇ ಎನ್ನುತ್ತದೆ. ಆದರೂ ಅದು ಹಳತಾಗುತ್ತದಲ್ಲ, ಹೇಗೆ?

ಹಳಿಯಾಳ ಪೇಟೆಯಲ್ಲಿ ಪಂಪು, ಪೈಪು ಮಾರುವ ವರ್ತಕರೊಬ್ಬರ ಅಂಗಡಿಯಲ್ಲಿ ಈ ಪ್ರಶ್ನೆ ಮನೆಜಗಳದ ಮಟ್ಟಕ್ಕೆ ಹೋಯಿತು. ಖರೀದಿ, ದಾಸ್ತಾನು, ಉದ್ರಿ, ಪಗಾರ ಎಲ್ಲವೂ ಒಂದೇ ಹಳೆಯ ತಂತ್ರಾಂಶದಲ್ಲಿ. ಅದನ್ನು ಬರೆದುಕೊಟ್ಟ ಹುಡುಗ ಎಂದೋ ಊರು ಬಿಟ್ಟಿದ್ದ. ಕಾಲೇಜು ಮುಗಿಸಿ ಬಂದ ಮಗನಿಗೆ ಅದನ್ನು ಕಿತ್ತೆಸೆಯುವ ಅವಸರ. ಗಲ್ಲೆಯ ಪಕ್ಕದಲ್ಲೇ ತಲೆ ನರೆಸಿಕೊಂಡ ಗುಮಾಸ್ತರು, ‘ಕೆಟ್ಟಿಲ್ಲವಲ್ಲ, ಯಾಕೆ ಬದಲಿಸಬೇಕು?’ ಎನ್ನುತ್ತಿದ್ದರು. ತಂತ್ರಾಂಶ ಹೋದರೆ ತಮ್ಮ ಕುರ್ಚಿಯೂ ಹೋದೀತೆಂಬ ಅಳುಕು ಆ ಮಾತಿನೊಳಗಿತ್ತು.

ಇಬ್ಬರದೂ ಅರ್ಧ ಸತ್ಯ. ತಂತ್ರಾಂಶ ನಿಂತಲ್ಲೇ ನಿಲ್ಲುತ್ತದೆ. ಸುತ್ತಲಿನ ಲೋಕ ಮುಂದೆ ನಡೆದುಬಿಡುತ್ತದೆ. ಕರ್ನಾಟಕದಲ್ಲಿ 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂತು. 2017ರ ಜುಲೈ 1ರಿಂದ ಬಹುಪಾಲು ಸರಕುಗಳಿಗೆ ಅದರ ಜಾಗದಲ್ಲಿ ಜಿಎಸ್‌ಟಿ ಬಂತು. ದಾಂಡೇಲಿಗೆ 50,000 ರೂಪಾಯಿಗೂ ಮಿಕ್ಕಿದ ಪೈಪು ಹೊತ್ತ ಲಾರಿ ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ನೋಂದಾಯಿತ ಕಂಪನಿಗಳಿಗಂತೂ, ಲೆಕ್ಕದಲ್ಲಿ ಎಂದು ಏನು ತಿದ್ದಲಾಯಿತೆಂಬುದನ್ನು ತಂತ್ರಾಂಶವೇ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಯಂತ್ರದಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಕಂಪನಿಯ ಆಸರೆ ನಿಂತಿತು. ಕೂಡುವ ಕಳೆಯುವ ಲೆಕ್ಕ ತಪ್ಪದಿದ್ದರೂ ಅದು ಉತ್ತರಿಸುತ್ತಿದ್ದ ಪ್ರಶ್ನೆಗಳೇ ಬದಲಾಗಿದ್ದವು.

ಹಾಗೆಂದು ಹೊಸದನ್ನು ತಂದರೆ ಕಷ್ಟ ತೀರಿತೇ? ಪೂರ್ತಿ ಅಂತರ್ಜಾಲವನ್ನೇ ನಂಬಿದ ತಂತ್ರಾಂಶವಾದರೆ, ಜೊಯಿಡಾದ ಕಾಡಿನ ಊರಿಗೆ ಸರಕು ಒಯ್ದ ಹುಡುಗ ಬಿಲ್ಲು ಬರೆಯುವ ಹೊತ್ತಿಗೆ ಸಿಗ್ನಲ್ ಮಾಯವಾದೀತು. ಹಳೆಯ ಲೆಕ್ಕವನ್ನು ಬಿಸಾಡುವಂತೆಯೂ ಇಲ್ಲ. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಗಡುವಿನಿಂದ 72 ತಿಂಗಳು ದಾಖಲೆ ಕಾಯ್ದಿಡಬೇಕು. ಕಂಪನಿ ಕಾಯ್ದೆಯಡಿ ಅದು 8 ವರ್ಷ.

ವಿಜ್ಞಾನದ ಪ್ರಯೋಗಶಾಲೆಗೆ ಹೊಸ ತಕ್ಕಡಿ ಬಂದ ದಿನವೇ ಹಳೆಯದನ್ನು ಹೊರಗೆಸೆಯುವುದಿಲ್ಲ. ಒಂದೇ ವಸ್ತುವನ್ನು ಎರಡರಲ್ಲೂ ತೂಗಿ ನೋಡುತ್ತಾರೆ. ಅಂಗಡಿಯಲ್ಲೂ ಹಾಗೇ ಮಾಡಿದರು. ಮಾರ್ಚ್ ತಿಂಗಳಿಡೀ ಎರಡರಲ್ಲೂ ಲೆಕ್ಕ ಬರೆದರು. ದುಪ್ಪಟ್ಟು ದುಡಿಮೆ, ಮಗನ ಗೊಣಗಾಟ ಬೇರೆ. ಮೊತ್ತಗಳೇನೋ ತಾಳೆಯಾದವು. ಆದರೆ ಹೊಸ ತಂತ್ರಾಂಶ ಮುಂಡಗೋಡ, ಜೊಯಿಡಾ ಕಡೆಯ ಎಷ್ಟೋ ರೈತರನ್ನು ಸುಸ್ತಿದಾರರೆಂದು ಕೆಂಪಕ್ಷರದಲ್ಲಿ ತೋರಿಸಿತು. ಹಳೆಯದರಲ್ಲಿ ಅವರ ಹೆಸರಿನ ಮುಂದೆ ‘ಸು’ ಎಂಬ ಒಂದೇ ಅಕ್ಷರವಿತ್ತು. ಸಾಗಿಸುವಾಗ ಅದು ಬಿದ್ದುಹೋಗಿತ್ತು. ಅದರ ಅರ್ಥ ಗುಮಾಸ್ತರಿಗೊಬ್ಬರಿಗೇ ಗೊತ್ತು: ಸುಗ್ಗಿ ಮುಗಿದ ಮೇಲೆ ಕೊಡುತ್ತಾರೆ, ಅಲ್ಲಿಯವರೆಗೆ ಬಡ್ಡಿಯಿಲ್ಲ, ತಗಾದೆಯಿಲ್ಲ. ಗಮನಿಸದೆ ಬಿಟ್ಟಿದ್ದರೆ ಅಷ್ಟೂ ಮಂದಿಗೆ ತಗಾದೆಯ ಸಂದೇಶ ಹೋಗಿ, ಬಹುಕಾಲದ ವಿಶ್ವಾಸ ಒಂದೇ ದಿನದಲ್ಲಿ ಮುರಿಯುತ್ತಿತ್ತು.

ಏಪ್ರಿಲ್ 1ರಿಂದ ಹೊಸದೇ ಬಳಕೆಗೆ ಬಂತು, ‘ಸುಗ್ಗಿ’ ಎಂಬ ಹೊಸ ಅಂಕಣದೊಂದಿಗೆ. ಸಿಗ್ನಲ್ ಇಲ್ಲದೆಯೂ ನಡೆಯುವುದನ್ನೇ ಆರಿಸಿದ್ದರು. ಕೊಳ್ಳುವ ಮುನ್ನ ವರ್ತಕರು ಕೇಳಿದ್ದು ಒಂದೇ ಮಾತು: ‘ನಾಳೆ ನಿಮ್ಮದನ್ನು ಬಿಡಬೇಕಾದರೆ ನಮ್ಮ ಲೆಕ್ಕವನ್ನು ಪೂರ್ತಿ ಹೊರಗೆ ತೆಗೆದುಕೊಡುತ್ತೀರಾ?’ ಹೊಸದೂ ಒಂದು ದಿನ ಹಳತಾಗುವುದೇ ತಾನೆ?

ಬೆಂಗಳೂರಿನ ಟ್ಯಾಲಿಯ ಕಥೆಯೂ ಅಪ್ಪ-ಮಗನದೇ. ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ, 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅದನ್ನು ಬರೆಯಲು ಗಣಿತ ಓದಿದ್ದ ಮಗ ಭರತ್‌ಗೆ ಹೇಳಿದರು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆ ತಂತ್ರಾಂಶವನ್ನೂ ಕಾಲಕಾಲಕ್ಕೆ ತಿದ್ದುತ್ತಲೇ ಬರಬೇಕಾಯಿತು.

ಕಂಪ್ಯೂಟರ್ ಕಲಿಯುವ ಮಕ್ಕಳು ಕಲಿಯಲಿ, ಪಾಲಕರು ಕಲಿಸಲಿ. ಜತೆಗೆ ವಹಿ ಬರೆದು ಬಲ್ಲ ಹಿರಿಯರ ಪಕ್ಕದಲ್ಲಿ ಮಕ್ಕಳು ಒಂದಷ್ಟು ದಿನ ಕೂರಲಿ. ಹಳಿಯಾಳದ ಗುಮಾಸ್ತರ ಕುರ್ಚಿ ಅಲ್ಲೇ ಇದೆ. ಅದರ ಪಕ್ಕಕ್ಕೆ ಮಗ ಇನ್ನೊಂದು ಕುರ್ಚಿ ಹಾಕಿಕೊಂಡಿದ್ದಾನೆ.