ಪಿಕಾಚುವಿನ ಪಂಚರು

ಪೋಕೆಮಾನ್ ಕಾರ್ಟೂನಿನ ಪಂಚರನ್ನು ನಮ್ಮ ಕೊರೋಚಿ ಕಡೆಯ ಕುಸ್ತಿಗೆ ಕರೆತಂದರೆ ಮೊದಲ ಜೋಡಿಗೇ ಜನ ಓಡಿಸಿಯಾರು! ಎದುರಾಳಿಯ ಪೋಕೆಮಾನ್ ಓನಿಕ್ಸ್ ತೊಯ್ದು ಮೆತ್ತಗಾದದ್ದು ಮೇಲಿನಿಂದ ಸುರಿದ ನೀರಿಗೆ. ಜಿಮ್ ಗೆದ್ದವರಿಗೆ ಸಿಗುವ ಬ್ಯಾಡ್ಜ್ ಕೊನೆಗೆ ಸೇರಿದ್ದು ಪಿಕಾಚುವಿನ ಒಡೆಯ ಆ್ಯಶ್ ಜೇಬಿಗೆ. ಇನ್ನೊಬ್ಬ ಎದುರಾಳಿ ಸಬ್ರಿನಾಳ ಜಿಮ್ಮಿನಲ್ಲಂತೂ ಹಾಂಟರ್ ಎಂಬ ಪೋಕೆಮಾನ್ ಆಕೆಯನ್ನು ನಗಿಸಿದ್ದಕ್ಕೇ ಗೆಲುವು. ಲೀಗ್ ಪಂದ್ಯದಲ್ಲಿ ತನ್ನದೇ ಪೋಕೆಮಾನ್ ಚಾರಿಜಾರ್ಡ್ ಕಾದಾಡದೆ ಮಲಗಿಬಿಟ್ಟಾಗ ಆ್ಯಶ್ ಸೋತ ಅಂದರಲ್ಲ, ಅದೊಂದು ತೀರ್ಪು ಸರಿ.

ನಿಜದ ಅಖಾಡವೇನು ಕಡಿಮೆಯೇ? 2025ರ ಫೆಬ್ರವರಿಯಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿ ಕುಸ್ತಿ. ಬೆನ್ನು ತಾಗಿತೋ ಇಲ್ಲವೋ ಎಂಬ ತಕರಾರಿನಲ್ಲಿ ಪೈಲ್ವಾನ್ ಶಿವರಾಜ್ ರಾಕ್ಷೆ ಪಂಚರನ್ನೇ ಒದ್ದರು. ಅವರ ಮೇಲೆ 3 ವರ್ಷ ನಿಷೇಧ ಹೇರಲಾಯಿತು. ಒದ್ದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋತವನು ವಿಡಿಯೊ ತೋರಿಸಿ ಅಂದರೆ ತೋರಿಸಲೇಬೇಕು.