ಅಲ್ಪವಿತ್ತನ ಅಶ್ವಪರೀಕ್ಷೆ

ಹರಾಜುಕಟ್ಟೆಯಲ್ಲಿ ಇಂದು ಲಕ್ಷಾಂತರ ಡಾಲರುಗಳ ಕೂಗಿಗೆ ಏರಿ ನಿಂತಿರುವ ಅಮೆರಿಕದ ಹಳೆಯ ಮಸಲ್ ಕಾರುಗಳು, ತಮ್ಮ ಕಾಲದಲ್ಲಿ, ಕೈಯಲ್ಲಿ ಹೆಚ್ಚು ಕಾಸಿಲ್ಲದ ತರುಣರಿಗಾಗಿಯೇ ನಿರ್ಮಿತವಾದ ವಸ್ತುಗಳಾಗಿದ್ದುವೆಂಬ ಸಂಗತಿಯನ್ನು ಅವುಗಳ ಆರಾಧಕರೇ ಮರೆತಿರುವಂತೆ ತೋರುತ್ತದೆ. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿನ ಮೈಯೊಳಗೆ ದೊಡ್ಡ ಕಾರಿನ ಎಂಟು ಸಿಲಿಂಡರುಗಳ ಎಂಜಿನನ್ನು ಇಳಿಸಿಬಿಡುವುದು. ಆಸನ, ಹಾಸು, ಅಲಂಕಾರಗಳ ವಿಷಯದಲ್ಲಿ ಕೈಬಿಗಿಹಿಡಿದು, ವೇಗದ ವಿಷಯದಲ್ಲಿ ಮಾತ್ರ ಧಾರಾಳಿಯಾಗುವುದು: ಆ ಸೃಷ್ಟಿಯ ಗುಟ್ಟು ಇಷ್ಟೇ.

ಈ ಸಂತತಿಯ ಮೂಲಪುರುಷನೆಂದು ಬಹುಮಂದಿ ಒಪ್ಪುವ ಪಾಂಟಿಯಾಕ್ ಜಿಟಿಒ ಹುಟ್ಟಿದ ಬಗೆಯೇ ಒಂದು ವಿನೋದ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನನ್ನು ಕೂಡಿಸಕೂಡದೆಂದು ಜನರಲ್ ಮೋಟಾರ್ಸ್ ಸಂಸ್ಥೆಯ ಹಿರಿಯರು ಕಟ್ಟಳೆ ಮಾಡಿದ್ದರು. ಅದೇ ಸಂಸ್ಥೆಯ ಪಾಂಟಿಯಾಕ್ ವಿಭಾಗದಲ್ಲಿ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ ಮತ್ತು ಅವನ ಸಂಗಡಿಗರು, 389 ಘನ ಅಂಗುಲದ ಎಂಜಿನನ್ನು 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿನೊಳಗೆ ಇರಿಸಿ, ಇದು ಹೊಸ ಕಾರಲ್ಲ, ಗಿರಾಕಿ ಬಯಸಿದರೆ ಸುಮಾರು ಮುನ್ನೂರು ಡಾಲರು ಹೆಚ್ಚಿಗೆ ತೆತ್ತು ಪಡೆಯಬಹುದಾದ ಒಂದು ಐಚ್ಛಿಕ ಸಲಕರಣೆ ಮಾತ್ರ ಎಂದು ಸಾಧಿಸಿಬಿಟ್ಟರು. ಕಟ್ಟಳೆಯ ಅಕ್ಷರ ಉಳಿಯಿತು, ಆಶಯ ಹಾರಿಹೋಯಿತು; ಆ ವರ್ಷವೇ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾದುವು. ನಾಲ್ಕು ವರ್ಷಗಳಲ್ಲಿ ಇಂಥ ಕಾರುಗಳ ಬೆಲೆಯೂ ಏರತೊಡಗಿದಾಗ, ಪ್ಲಿಮತ್ ಕಂಪನಿಯವರು ರತ್ನಗಂಬಳಿಯ ಜಾಗದಲ್ಲಿ ರಬ್ಬರ್ ಹಾಸನ್ನು ಹಾಸಿ, ಬೆಂಚಿನಂಥ ಸೀಟನ್ನಿಟ್ಟು, 335 ಅಶ್ವಶಕ್ತಿಯ ಎಂಜಿನಿನ ರೋಡ್ ರನ್ನರ್ ಕಾರನ್ನು ಮೂರು ಸಾವಿರ ಡಾಲರುಗಳೊಳಗೆ ಮಾರಲು ಹೊರಟರು. ಹಾಸಿನಲ್ಲಿ ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಹೆಸರಿಗೆ ಸುರಿದರೆನ್ನಬೇಕು: ವ್ಯಂಗ್ಯಚಿತ್ರದ ಆ ಓಟದ ಹಕ್ಕಿಯ ಹೆಸರನ್ನು ಬಳಸಿಕೊಳ್ಳುವುದಕ್ಕೆ ವಾರ್ನರ್ ಬ್ರದರ್ಸ್ ಸಂಸ್ಥೆಗೆ 50,000 ಡಾಲರು ತೆತ್ತು, ಹಕ್ಕಿಯಂತೆಯೇ ಕೂಗುವ ಹಾರನ್ನನ್ನೂ ಜೋಡಿಸಿದರು.

ಹೀಗೆ ಅಗ್ಗವೇ ಕುಲಧರ್ಮವಾಗಿದ್ದ ವಾಹನವನ್ನು ಈಗ ಅಲ್ಪವಿತ್ತನೊಬ್ಬನು ಅಪೇಕ್ಷಿಸಿದರೆ, ಅವನು ಸಿರಿವಂತರ ಅಂಗಳದಲ್ಲಿ ನಿಂತ ಯಾಚಕನಾಗುವುದಿಲ್ಲ; ನ್ಯಾಯವಾಗಿ ನೋಡಿದರೆ ಅವನೇ ಅದರ ವಾರಸುದಾರ. ಹಣದ ಕೊರತೆ ಈ ವ್ಯಾಪಾರದಲ್ಲಿ ಒಂದು ಅಡ್ಡಿಯೆಂದು ಎಲ್ಲರೂ ಭಾವಿಸುತ್ತಾರೆ. ನನಗೋ ಅದು ಅಡ್ಡಿಗಿಂತ ಹೆಚ್ಚಾಗಿ ಒಂದು ಒರೆಗಲ್ಲಾಗಿ ಕಾಣುತ್ತದೆ. ಯಾವುದಕ್ಕೆ ಬೆಲೆ ಕೊಡುತ್ತಿದ್ದೇನೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಅಗತ್ಯವು ತುಂಬಿದ ಕಿಸೆಯವನಿಗೆ ಎಂದೂ ಒದಗುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಮೊದಲು ಎದುರಾಗುವುದು ವಿರಳತೆಯ ಮಹಿಮೆ. 1970ರ ಹೊತ್ತಿಗೆ ಈ ಕಾರುಗಳ ಮೇಲೆ ವಿಮಾ ಕಂಪನಿಗಳು ವಿಧಿಸುತ್ತಿದ್ದ ಕಂತು ತರುಣರ ಕೈಗೆ ಮೀರಿತು. ಅದೇ ವರ್ಷ ವಾಯುಶುದ್ಧಿಯ ಶಾಸನ ಬಂದಿತು. ಸೀಸದ ಅಂಶ ಕಡಮೆಯಾದ ಪೆಟ್ರೋಲಿಗೆ ಒಗ್ಗಲೆಂದು ಎಂಜಿನುಗಳ ಒತ್ತಡದ ಪ್ರಮಾಣವನ್ನು ತಗ್ಗಿಸಿದರು. 1973ರಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿದಾಗ, ಮೊದಲೇ ಬಳಲಿದ್ದ ಈ ಸಂತತಿಗೆ ಕೊನೆಯ ಪೆಟ್ಟು ಬಿದ್ದಿತು. ಕೊನೆಗಾಲದಲ್ಲಿ ಕೊಳ್ಳುವವರಿಲ್ಲದೆ ಕೆಲವೇ ತಯಾರಾದ ಕಾರುಗಳಿಗೆ ಇಂದು ಬೆಲೆ ಕಟ್ಟಲು ಬಾರದು. 1971ರ ಪ್ಲಿಮತ್ ಹೆಮಿ ಕುಡಾ ಕಾರುಗಳಲ್ಲಿ ಮಾಡು ಮಡಚುವಂಥವು ತಯಾರಾದದ್ದು ಹನ್ನೆರಡರೊಳಗೇ. ಅವುಗಳಲ್ಲೊಂದು 2014ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ 35 ಲಕ್ಷ ಡಾಲರುಗಳಿಗೆ ಹೋಯಿತು. ಆ 1971ರಲ್ಲಿಯೇ, ಅದೇ ಕಾರ್ಖಾನೆಯಲ್ಲಿ, ಅದೇ ಅಚ್ಚಿನಲ್ಲಿ ಮೈ ತಳೆದು, 318 ಘನ ಅಂಗುಲದ ಸಾದಾ ಎಂಜಿನನ್ನು ಹೊತ್ತು ಹೊರಬಿದ್ದ ಬಾರಕುಡಾ ಕಾರಿನ ಬಾಗಿಲೂ ಹಾಗೆಯೇ ಮುಚ್ಚುತ್ತದೆ, ಬಾನೆಟ್ಟೂ ಹಾಗೆಯೇ ಉದ್ದವಾಗಿ ಕಣ್ಣ ಮುಂದೆ ಚಾಚಿರುತ್ತದೆ. ಎರಡರ ಬೆಲೆಗಳ ನಡುವಣ ಅಂತರವೆಲ್ಲ ಲೋಹದ್ದಲ್ಲ. ಅದರಲ್ಲಿ ಬಹುಪಾಲು ಎಣಿಕೆಯದು ಮತ್ತು ಕಾಗದದ್ದು.

ಕಾಗದದ ಮಾತು ಬಂದುದರಿಂದ ಹೇಳುತ್ತೇನೆ. ನಮ್ಮ ಪೂರ್ವಿಕರು ಕುದುರೆಯನ್ನು ಕೊಳ್ಳುವಾಗ ಅದರ ಓಟವನ್ನು ನೋಡುವುದಕ್ಕೆ ಮೊದಲು ಸುಳಿಗಳನ್ನು ನೋಡುತ್ತಿದ್ದರು. ಇಂಥ ಜಾಗದಲ್ಲಿ ಸುಳಿಯಿದ್ದರೆ ಯಜಮಾನನಿಗೆ ಶ್ರೇಯಸ್ಸು, ಇಂಥಲ್ಲಿದ್ದರೆ ಕೇಡು ಎಂದು ಅಶ್ವಶಾಸ್ತ್ರ ಹೇಳುತ್ತಿತ್ತು. ಹಳೆಯ ಕಾರುಗಳ ಪೇಟೆಯಲ್ಲಿಯೂ ಇಂಥದೇ ಒಂದು ಸುಳಿಶಾಸ್ತ್ರವುಂಟು. ವಾಹನದ ಮೈಮೇಲಿನ ಗುರುತಿನ ಸಂಖ್ಯೆ, ಎಂಜಿನಿನ ಮೇಲೆ ಒತ್ತಿದ ಅಂಕಿ, ಕಾರ್ಖಾನೆಯವರು ಬಡಿದ ಪುಟ್ಟ ತಗಡು ಇವೆಲ್ಲ ಒಂದಕ್ಕೊಂದು ಹೊಂದಿಕೊಂಡರೆ ಆ ಕಾರು ಸುಳಿಶುದ್ಧ. ಬೆಲೆ ಒಡನೆಯೇ ಗಗನಕ್ಕೇರುತ್ತದೆ. 1966ರಿಂದ 1971ರವರೆಗಿನ ಜಿಟಿಒ ಕಾರಿನ ಸಂಖ್ಯೆ 242 ಎಂದು ಮೊದಲಾಗಬೇಕು. ಅದಿಲ್ಲದೆ ಜಿಟಿಒ ಎಂಬ ಲಾಂಛನ ಮಾತ್ರವಿದ್ದರೆ, ಯಾರೋ ಸಾಮಾನ್ಯ ಲೆಮಾನ್ಸಿಗೆ ವೇಷ ತೊಡಿಸಿದ್ದಾರೆಂದು ತಿಳಿಯತಕ್ಕದ್ದು. ಷೆವೆಲ್ ಎಸ್‌ಎಸ್ ಕಾರುಗಳಲ್ಲಿ ಈ ಪರೀಕ್ಷೆ 1968ರವರೆಗೆ ನಡೆಯುತ್ತದೆ. 1969ರಿಂದ ಎಸ್‌ಎಸ್ ಎಂಬುದೂ ಒಂದು ಐಚ್ಛಿಕ ಸಲಕರಣೆಯಾಗಿಬಿಟ್ಟುದರಿಂದ ಗುರುತಿನ ಸಂಖ್ಯೆ ಆ ವಿಷಯದಲ್ಲಿ ಮೌನ ತಾಳುತ್ತದೆ, ಹಳೆಯ ಕಾಗದಪತ್ರಗಳೇ ಸಾಕ್ಷಿ ನುಡಿಯಬೇಕಾಗುತ್ತದೆ.

ವೇಷ ತೊಟ್ಟ ಕಾರನ್ನು ಅಸಲಿನ ಬೆಲೆಗೆ ಮಾರುವವನು ವಂಚಕ, ಅದರಲ್ಲಿ ಸಂದೇಹವಿಲ್ಲ. ಆದರೆ ಇದು ವೇಷವೆಂದು ಬಾಯಿಬಿಟ್ಟು ಹೇಳಿ, ವೇಷಕ್ಕೆ ತಕ್ಕ ಬೆಲೆಯನ್ನು ಕೇಳುವವನು ಅಲ್ಪವಿತ್ತನ ಪಾಲಿಗೆ ಪರಮಮಿತ್ರ. ಒಳ್ಳೆಯ ಎಂಜಿನನ್ನು ಹೊಂದಿಸಿಕೊಂಡ ಲೆಮಾನ್ಸ್ ಕಾರು ದಾರಿಯಲ್ಲಿ ಹೋಗುವಾಗ ತನ್ನ ಜಾತಕವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಸಂಗ್ರಹಾಲಯಕ್ಕೆ ಕೊಳ್ಳುವವನು ಸುಳಿಯನ್ನು ನೋಡಲಿ; ಸವಾರಿಗೆ ಕೊಳ್ಳುವವನು ಕಾಲನ್ನು ನೋಡಬೇಕು.

ಅಂಕಿಗಳ ಮೋಹ ಇನ್ನೊಂದು ಕಡೆಯಿಂದಲೂ ಮಂದಿಯನ್ನು ದಾರಿ ತಪ್ಪಿಸಿದೆ, ಮತ್ತು ಆ ತಪ್ಪು ಬಡವನಿಗೆ ಲಾಭವಾಗಿ ಪರಿಣಮಿಸಿದೆ. 1971ರಲ್ಲಿ 335 ಅಶ್ವಶಕ್ತಿಯುಳ್ಳದ್ದೆಂದು ಪ್ರಚಾರ ಮಾಡಿದ ಪಾಂಟಿಯಾಕಿನ 455 ಎಚ್ಒ ಎಂಜಿನಿಗೆ ಮರುವರ್ಷ 300 ಎಂದು ಬರೆದರು. ಮೂವತ್ತೈದು ಕುದುರೆಗಳು ರಾತ್ರೋರಾತ್ರಿ ಲಾಯದಿಂದ ಓಡಿಹೋದುವೆ? ಇಲ್ಲ. ಮೊದಲು ಎಂಜಿನನ್ನು ಹೊರಗೆ ತೆಗೆದು, ಅದು ಹೊರಬೇಕಾದ ಫ್ಯಾನು, ಗಾಳಿಶೋಧಕ, ಸೈಲೆನ್ಸರುಗಳ ಭಾರವನ್ನೆಲ್ಲ ಕಳಚಿ ಅಳೆಯುತ್ತಿದ್ದರು. 1972ರಿಂದ ಅವೆಲ್ಲವನ್ನೂ ಜೋಡಿಸಿಯೇ ಅಳೆಯುವ ಪದ್ಧತಿ ಬಂದಿತು. ಒತ್ತಡ ತಗ್ಗಿದ್ದರಿಂದ ಆ ವರ್ಷಗಳ ಅನೇಕ ಎಂಜಿನುಗಳ ಬಲ ನಿಜವಾಗಿಯೂ ಕುಂದಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಕಾಗದದ ಮೇಲೆ ಕಾಣುವಷ್ಟು ದೊಡ್ಡ ಇಳಿತ ರಸ್ತೆಯ ಮೇಲೆ ಆಗಲಿಲ್ಲ. 1972, 1973ರ ಕಾರುಗಳನ್ನು ಶೂರರ ಕುಲದವಲ್ಲವೆಂದು ಜನ ದೂರವಿಟ್ಟಿರುವುದರಿಂದ, ಅವುಗಳ ಬಳಿಗೆ ಹೋಗುವ ವಿವೇಕಿಗೆ ಚೌಕಾಸಿ ಮಾಡಲು ಎಡೆ ದೊರೆಯುತ್ತದೆ.

ಇನ್ನು ಕಾಲನ್ನು ನೋಡುವುದೆಂದೆನಲ್ಲ, ಆ ವಿಷಯ. ಎಂಜಿನು ಕೆಟ್ಟಿದ್ದರೆ ಚಿಂತೆಯಿಲ್ಲ; ಆ ಕಾಲದ ಎಂಜಿನು ಸರಳವಾದದ್ದು, ಬಿಚ್ಚಿ ಜೋಡಿಸಬಲ್ಲವರು ಊರೂರಿಗೂ ಇದ್ದಾರೆ, ಕಾರ್ಬುರೇಟರಿನಿಂದ ಹಿಡಿದು ಪಿಸ್ಟನ್ನಿನವರೆಗೆ ಎಲ್ಲ ಸಾಮಾನೂ ಅಂಗಡಿಯಲ್ಲಿ ಸಿಕ್ಕುತ್ತದೆ. ಕ್ಷಯರೋಗವೆಂಬುದು ತುಕ್ಕು. ಮಿಷಿಗನ್, ಒಹಾಯೊ ಮುಂತಾದ ಸೀಮೆಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಯ ಮೇಲೆ ಉಪ್ಪನ್ನು ಚೆಲ್ಲುತ್ತಾರೆ. ಆ ಉಪ್ಪುನೀರು ಅಡಿಯಿಂದ ಚಿಮ್ಮಿ, ಕಾಲಿಡುವ ತಗಡನ್ನೂ ಡಿಕ್ಕಿಯ ನೆಲವನ್ನೂ ಹಿಂಚಕ್ರದ ಸುತ್ತಣ ಮಡಿಕೆಗಳನ್ನೂ ಸದ್ದಿಲ್ಲದೆ ತಿಂದುಹಾಕುತ್ತದೆ. ಮಾಡಿನ ಮೇಲೆ ಶೋಭೆಗೆಂದು ಅಂಟಿಸಿದ ವಿನೈಲ್ ಹೊದಿಕೆಯು ನೀರನ್ನು ತನ್ನಡಿಯಲ್ಲಿ ಹಿಡಿದಿಟ್ಟು ಮಾಡನ್ನೇ ಕೊರೆಯುತ್ತದೆ. ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರಿನಲ್ಲಿ ಮುಂಗಾಜಿನ ಕೆಳಗಿನ ಗಾಳಿಗಂಡಿ ತುಕ್ಕು ಹಿಡಿದರೆ, ಮಳೆ ಬಂದಾಗ ಕುಳಿತವರ ಪಾದಪ್ರಕ್ಷಾಲನೆ ತಾನಾಗಿಯೇ ನಡೆಯುತ್ತದೆ. ಇವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವ ಟಿಂಕರ್ ಕೆಲಸದ ಕೂಲಿಯು ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುವುದುಂಟು. ಆದುದರಿಂದ ಬಲ್ಲವರು ಆರಿಜೋನಾದಂಥ ಒಣಪ್ರದೇಶದ ಕಾರನ್ನು, ಅದರ ಬಣ್ಣ ಬಿಸಿಲಿಗೆ ಸುಟ್ಟಿದ್ದರೂ, ಸೀಟು ಬಿರಿದಿದ್ದರೂ, ದೂರದಿಂದ ತರಿಸಿಕೊಳ್ಳುತ್ತಾರೆ.

ಡೆಟ್ರಾಯಿಟಿನ ಉಪನಗರವೊಂದರಲ್ಲಿ, ಅಲ್ಲಿ ನೆಲಸಿರುವ ಅನೇಕ ಕನ್ನಡಿಗರಂತೆ ಕಾರಿನ ಕಂಪನಿಯಲ್ಲಿಯೇ ಎಂಜಿನಿಯರಾಗಿರುವ ನನ್ನ ಸೋದರಳಿಯನಿಗೆ ಈ ಹುಚ್ಚು ಹತ್ತಿತ್ತು. ಅವನೊಡನೆ ಒಂದು ಕೆಂಪು ಕಾರನ್ನು ನೋಡಲು ಹೋಗಿದ್ದೆ. ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ನೆರೆಮನೆಯ ವೃದ್ಧನೊಬ್ಬನೂ ನಮ್ಮ ಸಂಗಡವಿದ್ದ. “ಮಾವ, ಬಣ್ಣ ನೋಡಿದಿರಾ? ಕನ್ನಡಿ ಇದ್ದ ಹಾಗಿದೆ!” ಎಂದ ಅಳಿಯ. “ಕನ್ನಡಿಯೇ ಸರಿ ಕಣಪ್ಪ, ಅದರಲ್ಲಿ ನಿನ್ನ ಮುಖ ಕಾಣುತ್ತಿದೆ, ಕಾರು ಕಾಣುತ್ತಿಲ್ಲ” ಎಂದೆ. ವೃದ್ಧನು ಮಾತಿಲ್ಲದೆ ಜೇಬಿನಿಂದ ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತವೊಂದನ್ನು ತೆಗೆದು ಬಾಗಿಲಿಗೆ ಹಿಡಿದ, ಅಂಟಿಕೊಂಡಿತು. ಹಿಂಚಕ್ರದ ಮೇಲಣ ತಗಡಿಗೆ ಹಿಡಿದ, ಜಾರಿ ಬಿತ್ತು. ಆ ಮಿರುಗುವ ಕೆಂಪಿನ ಕೆಳಗೆ ಕಬ್ಬಿಣವಿರಲಿಲ್ಲ, ಅಂಗುಲಗಟ್ಟಲೆ ಪುಟ್ಟಿಯಿತ್ತು. ಮಾರುವವನ ಮುಖದಲ್ಲಿ ಕಾಣಿಸಿಕೊಂಡ ಆಶ್ಚರ್ಯ ನಮ್ಮದಕ್ಕಿಂತ ಬಹಳ ಹೆಚ್ಚಿನದಾಗಿದ್ದಿತು.

ಹಾಗಾದರೆ ಯಾವುದನ್ನು ಆರಿಸುವುದು? ಪ್ರಸಿದ್ಧನ ಮನೆಗೆ ಹೋಗದೆ ಅವನ ದಾಯಾದಿಯ ಮನೆಗೆ ಹೋಗಬೇಕೆಂಬುದು ನನ್ನ ಮತ. ಮಸ್ಟಾಂಗಿನದೇ ಮೂಲಾಂಗಗಳ ಮೇಲೆ 1967ರಲ್ಲಿ ಹುಟ್ಟಿದ ಮರ್ಕ್ಯುರಿ ಕೂಗರ್ ಉಂಟು. ಅದರ ದೀಪಗಳು ಹಗಲಿನಲ್ಲಿ ರೆಪ್ಪೆಯ ಮರೆಗೆ ಸೇರಿಕೊಳ್ಳುತ್ತವೆ, ತಿರುಗುವಾಗ ಹಿಂದಿನ ಕೆಂಪು ದೀಪಗಳು ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ. ಅಣ್ಣನಿಗಿಂತ ಗಂಭೀರ, ಅಣ್ಣನಿಗಿಂತ ಅಗ್ಗ. ಅಮೆರಿಕನ್ ಮೋಟಾರ್ಸ್ ಎಂಬ ಚಿಕ್ಕ ಕಂಪನಿಯ ಜಾವೆಲಿನ್ ಉಂಟು. 1971 ಮತ್ತು 1972ರಲ್ಲಿ ಟ್ರಾನ್ಸ್‌ಆಮ್ ಪಂದ್ಯಮಾಲೆಯಲ್ಲಿ ದೊಡ್ಡ ಕಂಪನಿಗಳವರನ್ನು ಹಿಂದಿಕ್ಕಿ ಗೆದ್ದು, ಅಲಬಾಮಾ ರಾಜ್ಯದ ಪೊಲೀಸರ ಸೇವೆಯಲ್ಲಿಯೂ ಇದ್ದ ಕಾರು ಅದು. ತಯಾರಿಸಿದ ಕಂಪನಿಯೇ ಇಂದು ಇಲ್ಲವಾದ್ದರಿಂದ ಬಾಗಿಲ ಹಿಡಿ, ಅಂಚುಪಟ್ಟಿಗಳಂಥ ಸಣ್ಣ ಸಾಮಾನುಗಳಿಗಾಗಿ ಮಾತ್ರ ಅಲೆಯಬೇಕಾದೀತು. 1970ರ ಪ್ಲಿಮತ್ ಡಸ್ಟರ್ 340 ಉಂಟು; ಸಂಸಾರಸ್ಥರ ವೇಲಿಯಂಟ್ ಕಾರಿಗೆ ಹೊಸ ಬೆನ್ನು ಕೊಟ್ಟು, 275 ಅಶ್ವಶಕ್ತಿಯ ಎಂಜಿನನ್ನೂ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಕೂಡಿಸಿದ ಹಗುರವಾದ ಕಾರು ಅದು; ತನಗಿಂತ ದೊಡ್ಡ ಹೆಸರಿನವರನ್ನು ಅನೇಕ ಸಲ ನಾಚಿಸಿದೆ. ಅದೂ ಎಟುಕದಿದ್ದರೆ 318 ಎಂಜಿನಿನ ಸಾದಾ ಡಸ್ಟರ್ ಇದೆ; ಇಲ್ಲವೆ, ಯಾರೂ ಕಣ್ಣೆತ್ತಿ ನೋಡದ ನಾಲ್ಕು ಬಾಗಿಲಿನ ಷೆವೆಲ್ ಮಾಲಿಬು ಇದೆ. ನಾಲ್ಕು ಬಾಗಿಲು ಇರುವುದು ಒಂದು ಕಳಂಕವೆಂದು ಈ ಶಾಸ್ತ್ರದ ಮಡಿವಂತರು ತಿಳಿಯುತ್ತಾರೆ. ಹೆಂಡತಿಮಕ್ಕಳುಳ್ಳವನು ಹಾಗೆ ತಿಳಿಯಬೇಕಾದ ಕಾರಣವಿಲ್ಲ. ಬಿಡಿಭಾಗಗಳ ಸೌಲಭ್ಯವೇ ಮುಖ್ಯವೆನ್ನುವವನಿಗೆ ಮಸ್ಟಾಂಗೇ ಗತಿ: ಅದರ ಇಡಿಯ ಮೈಯನ್ನೇ ಹೊಸದಾಗಿ ಅಚ್ಚೊತ್ತಿ ಮಾರುವವರಿದ್ದಾರೆ.

ಯಾವುದನ್ನೇ ಆರಿಸಲಿ, ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯದೆ, ಒಂದು ಪಾಲನ್ನು ಬದಿಗಿಟ್ಟಿರಬೇಕು. ಮುಂದಕ್ಕೆ ಹಾರುವುದನ್ನು ಚೆನ್ನಾಗಿ ಕಲಿತಿದ್ದ ಆ ಕಾಲದ ಕಾರುಗಳು ನಿಲ್ಲುವ ವಿದ್ಯೆಯಲ್ಲಿ ಹಿಂದುಳಿದಿದ್ದುವು. ಡ್ರಮ್ ಬ್ರೇಕುಗಳನ್ನು ಬದಲಿಸುವುದು, ಹೊಸ ಟೈರುಗಳನ್ನು ಹಾಕುವುದು, ಒಣಗಿ ಬಿರಿದ ರಬ್ಬರನ್ನೂ ಪೆಟ್ರೋಲಿನ ಕೊಳವೆಗಳನ್ನೂ ತೆಗೆಸುವುದು ಅಲಂಕಾರವಲ್ಲ, ಆತ್ಮರಕ್ಷಣೆ. ಎಷ್ಟು ಮೈಲಿ ಕೊಡುತ್ತದೆಂಬ ಪ್ರಶ್ನೆಯನ್ನು ಮನೆಯವರು ಕೇಳಿಯೇ ಕೇಳುತ್ತಾರೆ; ಒಂದು ಗ್ಯಾಲನ್ನಿಗೆ ಹತ್ತು ಹನ್ನೆರಡು ಮೈಲಿ ಎಂದು ಮೊದಲೇ ನಿಜ ನುಡಿದುಬಿಡುವುದು ಗೃಹಶಾಂತಿಗೆ ಹಿತ.

ಅಲ್ಪವಿತ್ತನಿಗೆ ಸಿರಿವಂತನಿಗಿಲ್ಲದ ಒಂದು ಸುಖ ಇಲ್ಲಿ ಕಾದಿದೆ. ಡೆಟ್ರಾಯಿಟಿನಿಂದ ವಾಯವ್ಯಕ್ಕೆ ಪಾಂಟಿಯಾಕ್ ನಗರದತ್ತ ಸಾಗುವ ವುಡ್ವರ್ಡ್ ಹೆದ್ದಾರಿಯಲ್ಲಿ, ಅರವತ್ತರ ದಶಕದ ತರುಣರು ಕದ್ದುಮುಚ್ಚಿ ಪಂದ್ಯ ಕಟ್ಟಿ ಓಡಿಸುತ್ತಿದ್ದ ಆ ದಾರಿಯಲ್ಲಿಯೇ, 1995ರಿಂದ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ಉತ್ಸವ ನಡೆಯುತ್ತದೆ. ಅಲ್ಲಿ ಟ್ರೇಲರಿನ ಮೇಲೆ ಹೇರಿಕೊಂಡು ಬಂದ ಕಾರುಗಳೂ ಉಂಟು, ಸ್ವಂತ ಚಕ್ರಗಳ ಮೇಲೆ ಬಂದ ಕಾರುಗಳೂ ಉಂಟು. ಎರಡನೆಯವುಗಳ ಯಜಮಾನರ ಮುಖವೇ ಹೆಚ್ಚು ಪ್ರಸನ್ನ. ಬುಲಿಟ್ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ 1968ರ ಮಸ್ಟಾಂಗನ್ನು 1974ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಸುಮಾರು ಆರು ಸಾವಿರ ಡಾಲರುಗಳಿಗೆ ಕೊಂಡ ಕುಟುಂಬವೊಂದು, ಅದನ್ನು ಮನೆಬಳಕೆಗೆ ಹಚ್ಚಿತು. ಮನೆಯೊಡತಿ ಅದರಲ್ಲಿ ಕುಳಿತು ಪಾಠ ಹೇಳಲು ಶಾಲೆಗೆ ಹೋಗಿಬರುತ್ತಿದ್ದಳು. ನಟನೇ ಪತ್ರ ಬರೆದು ತನಗೆ ಮಾರಬೇಕೆಂದು ಕೇಳಿದರೂ ಅವರು ಕೊಡಲಿಲ್ಲ. 2020ರಲ್ಲಿ ಅದು 34 ಲಕ್ಷ ಡಾಲರುಗಳ ಕೂಗಿಗೆ ಹೋಯಿತು. ಕೇಳಿದವರೆಲ್ಲ ಆ ಲಾಭದ ಲೆಕ್ಕ ಹಾಕುತ್ತಾರೆ; ನನ್ನ ಅಸೂಯೆ ಶಾಲೆಗೆ ಹೋಗಿಬರುತ್ತಿದ್ದ ಆ ಉಪಾಧ್ಯಾಯಿನಿಯ ಬೆಳಗುಗಳ ಮೇಲೆ. ಈಗಿನ ಒಡೆಯನು, ಎಂಥ ಧೀರನಾಗಿದ್ದರೂ, ಮಳೆ ಬರುವ ದಿನ ಆ ಕಾರಿನಲ್ಲಿ ಕಾಯಿಪಲ್ಯ ತರಲು ಹೊರಡಲಾರ. ಪುಟ್ಟಿಯಿಲ್ಲದ ಒಂದು ಡಸ್ಟರನ್ನು ಕೊಂಡವನು ಧಾರಾಳವಾಗಿ ಹೊರಡಲಿ. ಕಾರನ್ನು ಬಚ್ಚಿಟ್ಟು ಕಾಯುವ ಕಷ್ಟ ಉಳ್ಳವರ ಪಾಲಿಗಿರಲಿ.